ಹೆಪ್ಪುಗಟ್ಟುವ ಚಳಿಯಲ್ಲಿ ದ್ರಾಕ್ಷಿಗೆ ನೀರು ಯಾಕೆ ಹೊಡೀತಾರೆ?

[ಪರದೆ ಮೇಲೆ: ಮಂಜುಗಡ್ಡೆಯೊಳಗೆ ಹಸಿರು ಚಿಗುರು]

ಈ ಚಿಗುರು ಸತ್ತಿಲ್ಲ. ರಾತ್ರಿಯೆಲ್ಲ ಬೇಕಂತಲೇ ನೀರು ಹೊಡೆದು ಉಳಿಸಿಕೊಂಡಿದ್ದಾರೆ. ಹೇಗೆ?

ಊರು ಶಾಬ್ಲಿ. ಫ್ರಾನ್ಸಿನ ಬರ್ಗಂಡಿಯ ಉತ್ತರ ತುದಿ, ಸೆರೆನ್ ನದಿ ದಂಡೆ. 1114ರಲ್ಲಿ ಹತ್ತಿರದ ಪೊಂತಿನಿಯಲ್ಲಿ ಮಠ ಕಟ್ಟಿದ ಸಿಸ್ಟರ್ಷಿಯನ್ ಸನ್ಯಾಸಿಗಳು ಇಲ್ಲಿ ದ್ರಾಕ್ಷಿ ಬೆಳೆಸಿದರು. ವೈನ್ ಪೀಪಾಯಿಗಳು ಗಾಡಿಯಲ್ಲಿ ಓಸೇರ್‌ಗೆ ಹೋಗಿ, ಯೋನ್ ನದಿಯಲ್ಲಿ ದೋಣಿ ಹತ್ತಿ ಪ್ಯಾರಿಸ್ ಸೇರ್ತಿದ್ದವು. ಆಮೇಲೆ ಫಿಲಾಕ್ಸೆರಾ ಕೀಟ ಬೇರು ತಿಂತು, ರೈಲು ದಕ್ಷಿಣದ ಅಗ್ಗದ ವೈನ್ ತಂತು. 1950ರ ದಶಕಕ್ಕೆ ಉಳಿದದ್ದು ಸುಮಾರು 500 ಹೆಕ್ಟೇರ್. ಅದರ ಮೇಲೆ 1957ರಲ್ಲಿ ಹಿಮದ ಹೊಡೆತ.

ಇಲ್ಲಿ ಹೆದರಿಸೋ ತಿಂಗಳು ಏಪ್ರಿಲ್. ಇಲ್ಲಿನ ದ್ರಾಕ್ಷಿ ಶಾರ್ಡನೆ, ಬೇಗ ಚಿಗುರೋ ತಳಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿಜಾರಲ್ಲಿ ಜಾರಿ ಕಣಿವೆಯಲ್ಲಿ ನಿಂತುಬಿಡುತ್ತೆ. ಮೈನಸ್ 2 ಡಿಗ್ರಿ ಸಾಕು, ಒದ್ದೆ ಚಿಗುರು ಕಪ್ಪಾಗೋಕೆ.

ಆಗ ಸ್ಪ್ರಿಂಕ್ಲರ್ ಬೇಕು. 1 ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲರಿ ಶಾಖ ಬಿಡುತ್ತೆ. ಹೊಸ ನೀರು ಬೀಳ್ತಾ, ಹೆಪ್ಪುಗಟ್ತಾ ಇರೋತನಕ ಹೊರಗೆ ಮೈನಸ್ 5 ಇದ್ದರೂ ಚಿಗುರು 0 ಡಿಗ್ರಿ ಆಸುಪಾಸಲ್ಲೇ ಇರುತ್ತೆ. ಮಂಜುಗಡ್ಡೆ ಹೊದಿಕೆ ಥರ ಕಾಪಾಡುತ್ತೆ ಅಂದ್ಕೊಂಡು ನೀರು ನಿಲ್ಲಿಸಿದ್ರೆ ಕೆಲಸ ಕೆಟ್ಟಿತು. ಪಂಪ್ ನಡುರಾತ್ರಿ ಕೈಕೊಟ್ಟರೆ, ನಾಝಲ್ ಹೆಪ್ಪುಗಟ್ಟಿ ಮುಚ್ಚಿಕೊಂಡರೆ, ಒದ್ದೆ ಚಿಗುರಿಂದ ನೀರು ಆವಿಯಾಗೋಕೆ ಶುರು. ಮಣ್ಣಿನ ಮಡಕೆಯ ನೀರು ತಣ್ಣಗಾಗೋದು ಇದರಿಂದಲೇ ಅಲ್ವಾ? 1 ಗ್ರಾಂ ಆವಿಯಾಗೋಕೆ ಹೆಚ್ಚುಕಮ್ಮಿ 600 ಕ್ಯಾಲರಿ ಹೀರುತ್ತೆ. ಆ ನಷ್ಟ ತುಂಬೋಕೆ ಏಳೂವರೆ ಗ್ರಾಂ ನೀರು ಹೆಪ್ಪುಗಟ್ಟಬೇಕು! ನೀರೇ ಹೊಡೆಯದ ತೋಟಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ತೋಟಕ್ಕೇ ಪೆಟ್ಟು ಜಾಸ್ತಿ.

ಹಾಗಾಗಿ ಥರ್ಮಾಮೀಟರ್ 0ಗೆ ಇಳಿಯೋ ಮುಂಚೆಯೇ ಪಂಪ್ ಆನ್. ಒಣಗಾಳಿ ಇದ್ದರೆ ಇನ್ನೂ ಬೇಗ. ಗಂಟೆಗೆ, ಒಂದು ಹೆಕ್ಟೇರ್‌ಗೆ, 30ರಿಂದ 40 ಸಾವಿರ ಲೀಟರ್. ಬಿಸಿಲೇರಿ ಗಡ್ಡೆ ತಾನಾಗಿ ಕರಗಿ ಉದುರೋತನಕ ನಿಲ್ಲಿಸೋ ಹಾಗಿಲ್ಲ. ಈ ನೀರಿಗಂತಲೇ ಪಕ್ಕದ ಬೆನ್ ಹಳ್ಳಿಯಲ್ಲಿ ಕೆರೆ ಕಟ್ಟಿದ್ದಾರೆ. ಉಳಿದ ಕಡೆ ಹೆಕ್ಟೇರ್‌ಗೆ 300ರಿಂದ 500 ಮೇಣದ ಡಬ್ಬಿ ಹಚ್ಚಬೇಕು, ಅದು ವಿಪರೀತ ದುಬಾರಿ.

ಶಾಬ್ಲಿ ತೋಟಗಳ ಒಟ್ಟು ವಿಸ್ತೀರ್ಣ ಈಗ 5,000 ಹೆಕ್ಟೇರ್ ದಾಟಿದೆ. ಸ್ಪ್ರಿಂಕ್ಲರ್ ಎಲ್ಲ ಕಡೆ ಇಲ್ಲ. 2021ರ ಏಪ್ರಿಲ್‌ನಲ್ಲೂ ಹಿಮ ದೊಡ್ಡ ಪಾಲು ಬೆಳೆ ನುಂಗಿತು.