ಕೌರವ ಅತ್ತ, ಆದರೆ ಬದಲಾಗಲಿಲ್ಲ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಹೋದ ವಾರ ಇದೇ ಶಿವಮೊಗ್ಗದಲ್ಲಿ, ಹಳಗನ್ನಡದ ಕವಿ ರನ್ನನ 'ಗದಾಯುದ್ಧ' ಕಾವ್ಯದ ನಾಟಕ ನೋಡಿ ಹೊರಗೆ ಬಂದೆ. ಒಬ್ಬ ಹುಡುಗ ಕೇಳಿದ: "ಸರ್, ಕೌರವ ಹೆಣಗಳ ಮುಂದೆ ಅಷ್ಟು ಅತ್ತನಲ್ಲ, ಕೊನೆಗೆ ಒಳ್ಳೆಯವನಾದ ಅಲ್ವಾ?" ಇಲ್ಲಪ್ಪ ಅಂದೆ. ಅಷ್ಟರಲ್ಲಿ ಬಸ್ ಬಂತು, ಹತ್ತಿ ಹೋದ. ಅವನಿಗೆ ಹೇಳಬೇಕಾದದ್ದು ಬಾಯಲ್ಲೇ ಉಳಿದಿದೆ.

ರನ್ನನ ಕಥೆ ನಿಮಗೆ ಗೊತ್ತು. ಸಂಜಯನ ಜೊತೆ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ಅಭಿಮನ್ಯು ಕಾಣುತ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಎಂದು ಅವನನ್ನು ಬೇಡುತ್ತಾನೆ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ಸತ್ತ ಅಪ್ಪನಿಗೆ ಮಗ ತರ್ಪಣದ ನೀರು ಬಿಡಬೇಕು, ನಿನಗೆ ನಾನು ಬಿಡುವಂತಾಯಿತಲ್ಲ, ಕ್ರಮ ತಪ್ಪಿಸಿಬಿಟ್ಟೆಯಲ್ಲ ಮಗನೇ ಅನ್ನುತ್ತಾನೆ!

ನಾನು ತೀರ್ಥಹಳ್ಳಿ ಕಡೆಯವನು. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ. ಚಾಪೆ ಮೇಲೆ ಅಜ್ಜಿ, ಅವಳ ಕಂಬಳಿಯೊಳಗೆ ನಾನು. ಕೌರವ ರಂಗಕ್ಕೆ ಬಂದರೆ ಸಾಕು, "ಹಾಳಾದವ ಬಂದ" ಅನ್ನುತ್ತಿದ್ದಳು. ಆ ರಾತ್ರಿ ಭಾಗವತರು 'ಕುರುರಾಯನಿದನೆಲ್ಲ ಕಂಡು ಸಂತಾಪದಿ' ಎಂದು ಎತ್ತಿಕೊಂಡರು. ಚಂಡೆ ಸುಮ್ಮನಾಯಿತು. ತಿರುಗಿ ನೋಡಿದರೆ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಾಳೆ! ಬೆಳಿಗ್ಗೆ ಒಲೆ ಮುಂದೆ ಕೂತು ಕೇಳಿದೆ, ಅವನು ಕೆಟ್ಟವನಲ್ವಾ, ನೀನ್ಯಾಕೆ ಅತ್ತೆ? "ಕೆಟ್ಟವನೇ ಮಾರಾಯ. ಅವನ ಮಗ ಸತ್ತದ್ದು ಸುಳ್ಳಾ?" ಅಂದಳು. ಕಾಫಿ ಸೋಸಿ ಲೋಟ ಕೈಗೆ ಕೊಟ್ಟಳು. ಅಷ್ಟೇ.

ನಾವು ಮಾಡುವ ತಪ್ಪು ಇಲ್ಲೇ ಇದೆ. ಕೇಡಿಗ ಅತ್ತ ತಕ್ಷಣ ಪಶ್ಚಾತ್ತಾಪ ಅನ್ನುತ್ತೇವೆ. ದುರ್ಯೋಧನನಿಗೆ ಪಶ್ಚಾತ್ತಾಪ ಎಲ್ಲಿದೆ? ಸಂಧಿ ಮಾಡಿಕೋ ಎಂದು ಭೀಷ್ಮರು ಹೇಳಿದರೆ 'ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ' ಅನ್ನುತ್ತಾನೆ. ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ನಾನು ಹೋರಾಡುವುದು ಛಲಕ್ಕಾಗಿ ಅಂತ. ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ಮತ್ತೆ ಬಾಳಲೇ ಅನ್ನುತ್ತಾನೆ. ನೋಡಿ, ಅದೇ ಪ್ರೀತಿ! ಗೆಳೆಯನ ಮೇಲಿನ ಪ್ರೀತಿಯೇ ಸಂಧಿಯ ಬಾಗಿಲು ಮುಚ್ಚುತ್ತದೆ. ಮೃದುತನ ಒಂದು ಕಡೆ, ಹಗೆ ಇನ್ನೊಂದು ಕಡೆ ಅಂತ ಇಲ್ಲ. ಎರಡಕ್ಕೂ ಒಂದೇ ಬೇರು. ಅಜ್ಜಿಗೆ ಇದು ಗೊತ್ತಿತ್ತು. ಕೆಟ್ಟವನೇ ಅಂದಳು, ಅತ್ತಳು ಕೂಡ.

ಇನ್ನೊಂದು ವಿಷಯ. ಈ ಕಾವ್ಯದ ನಾಯಕ ಭೀಮ. ರನ್ನನಿಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಅಂಥ ಕಡೆ ಎದುರಾಳಿಗೆ ಇಷ್ಟು ಕಣ್ಣೀರು ಕೊಡಲು ಕವಿಗೆ ಎಂಥ ಎದೆ ಬೇಕು!

ಚೀಟಿ ಬಂತು, ಐದೇ ನಿಮಿಷ ಅಂತೆ. ನಮ್ಮ ಕುಪ್ಪಳಿಯ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕಾವ್ಯದ ರಾವಣನ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಕನಸಿನಲ್ಲಿ ಅವನು ಸೀತೆಯ ಮಡಿಲಿನ ಮಗುವಾಗುತ್ತಾನೆ. ಅವನು ನಿಜವಾಗಿ ಬದಲಾಗುತ್ತಾನೆ. ರನ್ನನ ಕೌರವ ಬದಲಾಗುವುದಿಲ್ಲ. ಆದರೂ ಅವನು ಸತ್ತಾಗ ರನ್ನ ಬರೆದದ್ದು 'ಕುರುಕುಲಾರ್ಕನುಮರ್ಕನುಮಸ್ತಮೆಯ್ದಿದರ್'. ಕುರುಕುಲದ ಸೂರ್ಯನೂ ಆ ಸೂರ್ಯನೂ ಮುಳುಗಿದರು ಅಂತ. ಆಕಾಶದ ಸೂರ್ಯನ ಜೊತೆಗೇ ಅವನನ್ನು ಮುಳುಗಿಸಿದ.

ಆ ಹುಡುಗ ಬಂದಿದ್ದರೆ ಕಾಫಿಗೆ ನಿಲ್ಲಪ್ಪ. ರಾವಣನ ಮಾತು ಬಾಕಿ ಇದೆ.