ಸೀಮೆಸುಣ್ಣದಲ್ಲಿ ಬರೆದ ಒಂದು ಮಾತು

ಕೇಳುಗರಿಗೆ ನಮಸ್ಕಾರ.

ಕ್ರೈಸ್ತರಲ್ಲಿ ಇಷ್ಟೊಂದು ಪಂಗಡಗಳು ಯಾಕೆ ಅಂತ ಕೇಳುವವರು ಬಹಳ. ಕಥೋಲಿಕರು, ಆರ್ಥೊಡಾಕ್ಸರು, ಲೂಥರನ್ನರು, ಮೆಥಡಿಸ್ಟರು, ಇನ್ನೂ ಎಷ್ಟೋ. ದೂರದಿಂದ ನೋಡಿದರೆ ಸುಮ್ನೆ ಹಟದ ಜಗಳ ಅನ್ನಿಸುತ್ತದೆ. ಹಟ ಇರಲಿಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಹತ್ತಿರ ಹೋಗಿ ನೋಡಬೇಕು.

1529ರ ಅಕ್ಟೋಬರ್. ಜರ್ಮನಿಯ ಮಾರ್ಬುರ್ಗ್ ಕೋಟೆ. ಹೆಸ್ಸೆಯ ಅರಸ ಫಿಲಿಪ್, ರೋಮಿನ ಪೋಪ್‌ನಿಂದ ಬೇರೆಯಾದ ಇಬ್ಬರು ಸುಧಾರಕರನ್ನು ಮಾತಿಗೆ ಕೂರಿಸಿದ್ದಾನೆ. ಒಬ್ಬರು ಮಾರ್ಟಿನ್ ಲೂಥರ್. ಇನ್ನೊಬ್ಬರು ಜೂರಿಕ್‌ನ ಜ್ವಿಂಗ್ಲಿ. ಲೂಥರ್ ಸೀಮೆಸುಣ್ಣ ಹಿಡಿದು ಮೇಜಿನ ಮೇಲೆ ಲ್ಯಾಟಿನ್‌ನಲ್ಲಿ ಬರೆದರು: 'ಇದು ನನ್ನ ದೇಹ'. ಶಿಲುಬೆಗೇರುವ ಮುಂಚೆ ಶಿಷ್ಯರ ಜೊತೆ ಮಾಡಿದ ಕಡೆಯ ಊಟದಲ್ಲಿ ಯೇಸು ರೊಟ್ಟಿ ಮುರಿದು ಹೇಳಿದ ಮಾತು ಅದು. ಕ್ರೈಸ್ತರು ಅದನ್ನು ನೆನೆದು ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ ಪ್ರಭುಭೋಜನ ಅನ್ನುತ್ತಾರೆ. ಬರೆದದ್ದರ ಮೇಲೆ ಬಟ್ಟೆ ಹೊದಿಸಿದರು. ವಾದ ಜೋರಾದಾಗ ಬಟ್ಟೆ ಸರಿಸಿ ತೋರಿಸಿದರು.

ಜ್ವಿಂಗ್ಲಿ ಹೇಳಿದ್ದು, ಆ ಲ್ಯಾಟಿನ್ ಮಾತಿನಲ್ಲಿರುವ 'ಆಗಿದೆ' ಅಂದರೆ 'ಸೂಚಿಸುತ್ತದೆ' ಅಂತ ಅರ್ಥ. ಲೂಥರ್ ಒಪ್ಪಲಿಲ್ಲ. ಆಗಿದೆ ಅಂದರೆ ಆಗಿದೆ, ಅಷ್ಟೇ. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಇಬ್ಬರೂ ಸಹಿ ಹಾಕಲು ತಯಾರು. ಹದಿನೈದನೆಯದರಲ್ಲೂ ಬಹುಪಾಲು ಸರಿಹೋಯಿತು. ಈ ಒಂದು ಕ್ರಿಯಾಪದ ಮಾತ್ರ ದಾಟಲಿಲ್ಲ.

ಒಂದು ತಮಾಷೆ ನೋಡಿ. ಕನ್ನಡದಲ್ಲಿ ಆ ಕ್ರಿಯಾಪದವೇ ಬೇಕಿಲ್ಲ. 'ಇದು ನನ್ನ ದೇಹ' ಅಂದರೆ ಮಾತು ಮುಗಿಯಿತು. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲೂ ಹಾಗೆ ಹೇಳಬಹುದು. ಹಾಗಂತ ಪ್ರಶ್ನೆ ಸುಳ್ಳಾಗುವುದಿಲ್ಲ. ದೇವರು ಈ ರೊಟ್ಟಿಯಲ್ಲಿ ನಿಜವಾಗಿ ಸಿಗುತ್ತಾನಾ, ಇಲ್ಲ ನೆನಪಷ್ಟೇನಾ? ನಂಬುವವನಿಗೆ ಇದು ಸಣ್ಣ ಮಾತಲ್ಲ.

ಆ ಬಿರುಕು ಮುಚ್ಚಲು 444 ವರ್ಷ ಬೇಕಾಯಿತು. 1973ರಲ್ಲಿ ಸ್ವಿಟ್ಜರ್ಲೆಂಡಿನ ಲೊಯೆನ್‌ಬೆರ್ಗ್ ಎಂಬಲ್ಲಿ ಯೂರೋಪಿನ ಲೂಥರನ್ ಸಭೆಗಳು, ಅಂದರೆ ಚರ್ಚುಗಳು, ಜ್ವಿಂಗ್ಲಿಯ ಕಡೆಯ ರಿಫಾರ್ಮ್ಡ್ ಸಭೆಗಳ ಜೊತೆ ಒಂದು ಒಪ್ಪಂದಕ್ಕೆ ಬಂದವು. ಒಂದೇ ಮೇಜಿನಲ್ಲಿ ಪ್ರಭುಭೋಜನ ತೆಗೆದುಕೊಳ್ಳಬಹುದು ಅಂತಾಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಇನ್ನೊಂದು ದೊಡ್ಡ ಗಂಟು ಬಿಡಿಸಿದರು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ದೇವರ ಕೃಪೆಯಿಂದಲೇ ಅಂತ ಇಬ್ಬರೂ ಸೇರಿ ಬರೆದರು. 2006ರಲ್ಲಿ ಮೆಥಡಿಸ್ಟರು ಅದಕ್ಕೆ ಕೈಜೋಡಿಸಿದರು. ಆರ್ಥೊಡಾಕ್ಸರ ಜೊತೆಗಿನ ಕಥೆಯೂ ಇಂಥದ್ದೇ: 1054ರಲ್ಲಿ ಒಬ್ಬರ ಮೇಲೊಬ್ಬರು ಹಾಕಿದ್ದ ಬಹಿಷ್ಕಾರಗಳನ್ನು ಕಥೋಲಿಕರ ರೋಮ್ ಮತ್ತು ಆರ್ಥೊಡಾಕ್ಸರ ಕಾನ್‌ಸ್ಟಾಂಟಿನೋಪಲ್ ಎರಡೂ 1965ರಲ್ಲಿ ಹಿಂತೆಗೆದುಕೊಂಡವು.

ಇಷ್ಟಾದ ಮೇಲೂ ಕಥೋಲಿಕರ ಮೇಜು ಬೇರೆ, ಲೂಥರನ್ನರ ಮೇಜು ಬೇರೆ. ಯಾಕೆ?

ನನಗನ್ನಿಸುವುದು, ಜಗಳ ಈಗ ರೊಟ್ಟಿಯ ಮೇಲಿಲ್ಲ, ಅದನ್ನು ಎತ್ತುವ ಕೈಯ ಮೇಲಿದೆ. ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರಿಂದ ತಲೆಯ ಮೇಲೆ ಕೈ ಇಟ್ಟು ಇಟ್ಟು ಬಂದ ಬಿಷಪ್ಪರ ಸಾಲಿನಲ್ಲಿ ಈ ಗುರು ಇದ್ದಾರಾ? ಅವರು ಹೆಂಗಸಾಗಬಹುದಾ? ಸ್ವೀಡನ್ನಿನ ಲೂಥರನ್ ಸಭೆ 1960ರಲ್ಲೇ ಹೆಂಗಸರಿಗೆ ಗುರುದೀಕ್ಷೆ ಕೊಟ್ಟಿತು. ಆ ಅಧಿಕಾರ ಸಭೆಗೇ ಇಲ್ಲ ಅಂತ ಪೋಪ್ ಎರಡನೇ ಜಾನ್ ಪಾಲ್ 1994ರಲ್ಲಿ ಹೇಳಿದರು. ಹಳೇ ಗಾಯ ಮಾಯುವಷ್ಟರಲ್ಲಿ ಹೊಸದೊಂದು. ಅದೂ ಪ್ರತಿ ಪಂಗಡದ ಒಳಗೇ ಎರಡು ಪಾಲು ಮಾಡುವಂಥದ್ದು.

ವಿದ್ವಾಂಸರ ಕಡತಗಳಿಗಿಂತ ಮನೆಗಳಲ್ಲಿ ಇದರ ನೋವು ಜಾಸ್ತಿ. 2015ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಲೂಥರನ್ ಚರ್ಚಿಗೆ ಹೋಗಿದ್ದರು. ಒಬ್ಬ ಹೆಂಗಸು ಎದ್ದು ನಿಂತರು. ಗಂಡ ಕಥೋಲಿಕ, ತಾನು ಲೂಥರನ್, ಪ್ರಭುಭೋಜನ ಮಾತ್ರ ಒಟ್ಟಿಗೆ ಇಲ್ಲ, ಏನು ಮಾಡೋಣ ಅಂತ ಕೇಳಿದರು. ಪೋಪ್ ನೇರ ಉತ್ತರ ಕೊಡಲಿಲ್ಲ. ಅನುಮತಿ ಕೊಡುವ ಧೈರ್ಯ ನನಗಿಲ್ಲ, ದೇವರ ಹತ್ತಿರ ಮಾತಾಡಿ ಮುಂದೆ ಹೋಗಿ ಅಂದರು. ಹೊರಡುವ ಮುಂಚೆ ಆ ಚರ್ಚಿಗೆ ಒಂದು ಉಡುಗೊರೆ ಕೊಟ್ಟರು. ಪ್ರಭುಭೋಜನದ ದ್ರಾಕ್ಷಾರಸ ತುಂಬುವ ಬಟ್ಟಲು ಅದು.