ಮಲಾವಿಯ ಶಾಲೆಯಂಗಳದಲ್ಲಿ ಒಂದು ಲೋಟ ಗಂಜಿ

ಕೇಳುಗ ಬಂಧುಗಳೇ, ನಮಸ್ಕಾರ.

ನಮ್ಮ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಅರವತ್ತು, ಎಪ್ಪತ್ತರ ದಶಕದಲ್ಲಿ ಓದಿದವರು ಅಮೆರಿಕದ ನೆರವು ಸಂಸ್ಥೆ ಕೇರ್‌ನ ಉಪ್ಪಿಟ್ಟನ್ನು ಮರೆತಿರಲಾರರು. ಹಡಗಿನಲ್ಲಿ ಸಮುದ್ರ ದಾಟಿ ಬಂದ ಆ ಹಿಟ್ಟಿನ ಉಪ್ಪಿಟ್ಟಿಗಾಗಿ ಕೈಯಲ್ಲಿ ಮುತ್ತುಗದ ಎಲೆ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಮಲಾವಿ ದೇಶದ ಶಾಲಾಮಕ್ಕಳ ಬಗ್ಗೆ ಓದುವಾಗಲೆಲ್ಲ ಆ ಸಾಲೇ ಕಣ್ಣಿಗೆ ಕಟ್ಟುತ್ತದೆ.

ಮಲಾವಿ ಆಫ್ರಿಕಾದ ಆಗ್ನೇಯ ಭಾಗದ ಪುಟ್ಟ ದೇಶ. ಅಲ್ಲಿನ ಬಹುಪಾಲು ಕುಟುಂಬಗಳು ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುತ್ತವೆ. ಏಪ್ರಿಲ್ ಸುಮಾರಿಗೆ ಕೈಗೆ ಬಂದ ಫಸಲು ವರ್ಷದ ಕೊನೆಗೆ ತೀರಿ, ಜನವರಿಯಿಂದ ಮಾರ್ಚ್‌ವರೆಗೆ ಹೊಲ ಹಸಿರಾಗಿ ನಿಂತಿರುವಾಗಲೇ ಮನೆಯ ಕಣಜ ಬರಿದಾಗಿರುತ್ತದೆ. 1994ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕವನ್ನು ರದ್ದುಪಡಿಸಿತು. ಮಕ್ಕಳು ಲಕ್ಷಗಟ್ಟಲೆ ಬಂದು ಸೇರಿದರು. ಆದರೆ ಬರಿ ಹೊಟ್ಟೆಯಲ್ಲಿ ಮೈಲಿಗಟ್ಟಲೆ ನಡೆದು ಬಂದ ಮಗು ಎಷ್ಟು ಹೊತ್ತು ಪಾಠ ಕೇಳೀತು?

2002ರಲ್ಲಿ ಮಲಾವಿಯನ್ನು ಭೀಕರ ಕ್ಷಾಮ ಕಾಡಿತು. ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್-ಬ್ಯಾರೋ ಆಗ ಅಲ್ಲಿಗೆ ಹೋಗಿದ್ದರು. ಮೀನು ಸಾಕಣೆಯ ಕೆಲಸದಲ್ಲಿದ್ದ ಇವರು ಅದಕ್ಕೂ ಹತ್ತು ವರ್ಷದ ಹಿಂದೆ ಯುದ್ಧಪೀಡಿತ ಬೋಸ್ನಿಯಾಕ್ಕೆ ಸಹೋದರನ ಜೊತೆ ಕಂಬಳಿ, ಆಹಾರ ಸಾಗಿಸಿದ್ದರು. ಜನ ಕೊಟ್ಟ ಸಾಮಾನು ತುಂಬಿಡಲು ತಂದೆಯ ಮನೆಯ ತಗಡಿನ ಕೊಟ್ಟಿಗೆಯೇ ಅವರಿಗೆ ಉಗ್ರಾಣವಾಗಿತ್ತು. ಮಲಾವಿಯ ಒಂದು ಗುಡಿಸಿಲಿನಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ತಾಯಿ ಮಲಗಿದ್ದಳು, ಸುತ್ತ ಆರು ಮಕ್ಕಳು. ನಿನಗೇನು ಆಸೆ ಎಂದು ಹಿರಿಯ ಮಗನನ್ನು ಕೇಳಿದರೆ, ಹೊಟ್ಟೆ ತುಂಬ ಊಟ ಸಿಗಬೇಕು, ಒಂದು ದಿನ ಶಾಲೆಗೂ ಹೋಗಬೇಕು ಎಂದನಂತೆ. ಅವನ ಎರಡೂ ಆಸೆಗಳು ಒಂದೇ ಅಂಗಳದಲ್ಲಿ ಈಡೇರುವಂತೆ ಅದೇ ವರ್ಷ 200 ಮಕ್ಕಳಿಗೆ ಶಾಲೆಯಲ್ಲೇ ಊಟ ಬಡಿಸುವ ಕೆಲಸ ಆರಂಭವಾಯಿತು. ಅದಕ್ಕೆ ಮೇರೀಸ್ ಮೀಲ್ಸ್ ಎಂದು ಹೆಸರಿಟ್ಟರು.

ಊಟವೆಂದರೆ ಗಂಜಿ, ಚಿಚೆವಾ ಭಾಷೆಯಲ್ಲಿ ಅದಕ್ಕೆ ಫಾಲ ಎನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಊರಿನ ತಾಯಂದಿರು ಶಾಲೆಗೆ ಬಂದು ಒಲೆ ಹಚ್ಚುತ್ತಾರೆ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ಜೀವಸತ್ವ ಬೆರೆಸಿದ ಪುಡಿಯನ್ನು ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ, ತಳ ಹಿಡಿಯದಂತೆ ಮಾರುದ್ದದ ಮರದ ಹುಟ್ಟಿನಿಂದ ತಿರುವುತ್ತಲೇ ಇರಬೇಕು. ನಮ್ಮಲ್ಲಿ ದೊಡ್ಡ ಹಂಡೆಯಲ್ಲಿ ಮುದ್ದೆ ತಿರುವಿದವರಿಗೆ ಆ ರಟ್ಟೆ ನೋವಿನ ಅರಿವಿದ್ದೀತು. ಮಕ್ಕಳು ಬಣ್ಣಬಣ್ಣದ ಪ್ಲಾಸ್ಟಿಕ್ ಲೋಟ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಈ ತಾಯಂದಿರಿಗೆ ಸಂಬಳವಿಲ್ಲ, ಸರದಿಯಿದೆ.

ನನಗೆ ಈ ಸಂಸ್ಥೆಯ ಮೇಲೆ ಗೌರವ ಹುಟ್ಟಿದ್ದು ಇಲ್ಲಿಯೇ. ನಮ್ಮ ಉಪ್ಪಿಟ್ಟಿನ ಹಿಟ್ಟು ಹೊರದೇಶದ್ದು. ಹಡಗು ನಿಂತರೆ ಒಲೆಯೂ ನಿಲ್ಲುತ್ತಿತ್ತು. ಇಲ್ಲಿ ಹಣ ದೂರದಿಂದ ಬಂದರೂ, ಸಾಧ್ಯವಾದಷ್ಟು ಕಾಳನ್ನು ಆ ದೇಶದಲ್ಲಿಯೇ ಕೊಳ್ಳುತ್ತಾರೆ. ಸೌಟು ಆ ಊರಿನವರ ಕೈಯಲ್ಲಿಯೇ ಇರುತ್ತದೆ. ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾದದ್ದೂ 2002ರಲ್ಲಿಯೇ. ನಮ್ಮದನ್ನು ಸರ್ಕಾರವೇ ಹೊತ್ತಿದೆ. ಅಷ್ಟು ಬಲವಿಲ್ಲದ ನಾಡಿನಲ್ಲಿ ಒಂದು ಕೊಟ್ಟಿಗೆಯಿಂದ ಹೊರಟ ಸಣ್ಣ ಸಂಸ್ಥೆ ಆ ಭಾರಕ್ಕೆ ಹೆಗಲು ಕೊಟ್ಟಿತು.

ಅದು ಈಗ ಸಣ್ಣದಾಗಿ ಉಳಿದಿಲ್ಲ. 2015ರ ಹೊತ್ತಿಗೆ ಹಲವು ದೇಶಗಳ 10 ಲಕ್ಷ ಮಕ್ಕಳಿಗೆ ಅದು ಶಾಲಾದಿನಗಳಲ್ಲಿ ಊಟ ಕೊಡುತ್ತಿತ್ತು. ಆದರೂ ಮಲಾವಿಯ ಶಾಲೆಯಂಗಳದಲ್ಲಿ ಕೆಲಸದ ಕ್ರಮ ಬದಲಾಗಿಲ್ಲ. ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಕೂಸನ್ನು ಕಟ್ಟಿಕೊಂಡ ತಾಯಿ ಬಿಸಿ ಗಂಜಿಯನ್ನು ಲೋಟದ ಅಂಚಿನವರೆಗೆ ಬಡಿಸುತ್ತಾಳೆ. ಮಗು ಊದಿ ಊದಿ ಕುಡಿದು, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿ, ಲೋಟ ತೊಳೆದುಕೊಂಡು ತರಗತಿಗೆ ಓಡುತ್ತದೆ.

ನಮಸ್ಕಾರ.